ಕಾಣದ್ದನ್ನು ನೋಡುವ ಗಂಡು

ಏನು ಕೆಲಸ ಎಂದು ಯಾರಾದರೂ ಕೇಳಿದರೆ ಸಾಕು, ನನಗೊಂದು ಫಜೀತಿ ಗ್ಯಾರಂಟಿ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬೊಂಬಾಯಿಯ ಅಣುಸ್ಥಾವರವೊಂದರಲ್ಲಿ ಸಂಶೋಧಕ. ರಜೆ ಸಿಕ್ಕರೆ ಮುಳಬಾಗಿಲಲ್ಲಿ ಬಸ್ಸಿಳಿದು ತಾಯಲೂರಿನ ಮನೆ ಸೇರುತ್ತಿದ್ದೆ. ಆ ಮನೆಯಲ್ಲಿ ಈಗ ಅಮ್ಮ ಇಲ್ಲ. ಆಗ ಅಮ್ಮನಿಗಿದ್ದದ್ದು ಒಂದೇ ಚಿಂತೆ, ನನ್ನ ಮದುವೆ.

ಶಾವಿಗೆ

ಅಮ್ಮ ಶಾವಿಗೆ ಒತ್ತುತ್ತಿದ್ದಳು. "ಹೆಣ್ಣಿನ ಕಡೆಯೋರು ಕೇಳ್ತಾರೆ, ಅಲ್ಲಿ ಏನ್ ಮಾಡ್ತೀಯೋ?"

"ಪಾಲಿಮರ್ ಅಣು ಈ ಶಾವಿಗೆ ಎಳೆ ಇದ್ದಂಗಮ್ಮ. ಒಂದಕ್ಕೊಂದು ಸಿಕ್ಕಾಕ್ಕೊಂಡು ಅಲ್ಲಾಡ್ತಾನೇ ಇರುತ್ತೆ. ಕಣ್ಣಿಗೆ ಕಾಣಲ್ಲ. ಅದಕ್ಕೇ ನ್ಯೂಟ್ರಾನ್ ಅನ್ನೋ ಕಣಗಳನ್ನ ಹೊಡೆದು, ಅವು ಹೆಂಗೆ ಚೆದುರುತ್ತವೆ ಅಂತ ನೋಡಿ, ಅಲ್ಲಾಟ ಲೆಕ್ಕ ಹಾಕ್ತೀವಿ."

ಅಮ್ಮ ಒತ್ತುವುದನ್ನೇ ನಿಲ್ಲಿಸಿದಳು. "ಶಾವಿಗೆ ಅಲ್ಲಾಡೋದು ನೋಡೋಕೆ ಸರ್ಕಾರ ಸಂಬಳ ಕೊಡುತ್ತಾ? ಲೇ, ಇದನ್ನ ಹೊರಗೆ ಬಾಯ್ಬಿಡಬೇಡ ಕಣೋ. ಯಾರೂ ಹೆಣ್ಣು ಕೊಡಲ್ಲ!"

ರಬ್ಬರ್ ಕೆಲಸ

ರಬ್ಬರೂ ಪಾಲಿಮರೇ ಎಂದು ಒಮ್ಮೆ ಹೇಳಿದ್ದೆ. ಅಮ್ಮ ಅದನ್ನೇ ಹಿಡಿದುಕೊಂಡು, "ನಮ್ಮ ಹುಡುಗನಿಗೆ ರಬ್ಬರ್ ಕೆಲಸ" ಎಂದು ಊರಿಗೆಲ್ಲ ಸಾರಿದಳು. ಮಾರನೆಯ ಬೆಳಗ್ಗೆ ಪಕ್ಕದ ಮನೆಯ ರೇಷ್ಮೆ ಬೆಳೆಗಾರ ಸೈಕಲ್ ಟ್ಯೂಬ್ ಹಿಡಿದು ಬಂದ. "ಬೊಂಬಾಯಿ ಪಂಚರ್ ಆದ್ರೆ ಗಟ್ಟಿ ಇರುತ್ತೆ, ಒಂದು ಹಾಕ್ಕೊಡಪ್ಪ."

ಇಲ್ಲ ಎನ್ನಲು ಬಾಯಿ ಬರಲಿಲ್ಲ. ಜಗಲಿಯ ಮೇಲೆ ಬಕೆಟ್ ಇಟ್ಟುಕೊಂಡು ಟ್ಯೂಬ್ ಮುಳುಗಿಸುತ್ತಿದ್ದೆ. ಅದೇ ಹೊತ್ತಿಗೆ ಗಂಡು ನೋಡಲು ಮುಳಬಾಗಿಲಿಂದ ಬಂದವರು ಬೀದಿಯ ತಿರುವಿನಿಂದಲೇ ವಾಪಸ್ಸಾದರು. ಸಂಜೆ ಹೇಳಿಕಳಿಸಿದರು: "ವಿಜ್ಞಾನಿ ಅಂದ್ರಿ. ಸೈಕಲ್ ಶಾಪ್ ಅಂತ ಮೊದಲೇ ಹೇಳಬಾರದಾ?"

ಯಲ್ದೂರಿನ ಉಪ್ಪಿಟ್ಟು

ಕೊನೆಗೆ ಯಲ್ದೂರಿನ ಮಾವಿನ ತೋಟದವರೊಬ್ಬರು ಹೆಣ್ಣು ನೋಡಲು ಕರೆದರು. ಅಮ್ಮ ಕಣ್ಸನ್ನೆ ಮಾಡುತ್ತಿದ್ದರೂ ನಾನು ಅವರಿಗೆ ನಿಜವನ್ನೇ ಹೇಳಿಬಿಟ್ಟೆ.

"ಆ ಅಣುನ ನೀವು ನೋಡಿದೀರಾ?"

"ಇಲ್ಲ, ಕಾಣಲ್ಲ."

"ಹೊಡೆಯೋ ನ್ಯೂಟ್ರಾನು?"

"ಅದೂ ಕಾಣಲ್ಲ."

"ಇದೇಮಿ ಉದ್ಯೋಗಂ ಬಾಬೂ!" ಇದೆಂಥ ಕೆಲಸವಪ್ಪಾ ಎಂದು ಅವರು ತಮ್ಮ ಮನೆಮಾತು ತೆಲುಗಿನಲ್ಲೇ ಉದ್ಗರಿಸಿ ಹಣೆ ಒತ್ತಿಕೊಂಡರು. ಅಮ್ಮನ ಮುಖ ಬಾಡಿತು.

ಹುಡುಗಿ ಉಪ್ಪಿಟ್ಟಿನ ತಟ್ಟೆ ಇಟ್ಟು, ತಲೆ ಎತ್ತದೆ ಒಳಗೆ ಹೋದಳು. ನನಗೆ ಕಂಡದ್ದು ಬೈತಲೆ ಮಾತ್ರ. ಧೈರ್ಯ ಮಾಡಿ, "ಇನ್ನೊಂದ್ಸಲ ಕರೀತೀರಾ? ಮುಖ ಕಾಣಲಿಲ್ಲ" ಎಂದೆ.

"ಕಾಣದೇ ಇರೋದನ್ನ ನೋಡೋದೇ ನಿಮ್ಮ ಕೆಲಸ ಅಂದ್ರಲ್ಲ!" ಎಂದರು ಹುಡುಗಿಯ ಅಪ್ಪ.

ಒಳಗಿಂದ ಕಿಲಕಿಲ ನಗು ಕೇಳಿಸಿತು. ಮಗಳು ನಕ್ಕದ್ದು ಕೇಳಿ ಅಪ್ಪನೂ ನಕ್ಕರು. ನಾನು ಆ ನಗುವಿಗೇ ಒಪ್ಪಿದೆ, ಅವರೂ ಒಪ್ಪಿದರು, ಮದುವೆಯ ಮಾತುಕತೆ ಮುಗಿಯಿತು.

ಧಾರೆಯ ದಿನ ನಮ್ಮಿಬ್ಬರ ನಡುವಿನ ಅಂತರಪಟ ಸರಿಯಿತು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಹುಡುಗಿ ಮೊದಲ ಬಾರಿಗೆ ತಲೆ ಎತ್ತಿ, ನನ್ನ ತಲೆಯ ಮೇಲೆ ಜೀರಿಗೆ ಬೆಲ್ಲ ಇಡುತ್ತ ಮೆಲ್ಲಗೆ ಕೇಳಿದಳು: "ಈಗ ಕಾಣ್ತಿದೀನಾ, ಇಲ್ಲ ನ್ಯೂಟ್ರಾನ್ ಹೊಡೀಬೇಕಾ?"