ಹುಣಸೆಮರದ ಹತ್ತಿರ ಇಳಿಯುವ ಗಂಡ

ಮನುಷ್ಯನಿಗೆ ಮುಖ ಕೊಡುವ ಮುಂಚೆ ದೇವರು ಅವನನ್ನೂ ಒಂದು ಮಾತು ಕೇಳಬೇಕಿತ್ತು ಎಂಬುದು ನನ್ನ ಬಹುಕಾಲದ ತಕರಾರು. ನನ್ನನ್ನೇ ತೆಗೆದುಕೊಳ್ಳಿ. ಆರಡಿ ಎತ್ತರ, ರೊಟ್ಟಿ ಹಂಚಿನ ತಳದ ಬಣ್ಣ, ತುದಿ ತಿರುಗಿದ ದಪ್ಪ ಮೀಸೆ. ಮೀಸೆಯನ್ನು ನಾನೇನೂ ಆಸೆಪಟ್ಟು ಬಿಟ್ಟದ್ದಲ್ಲ. ನಮ್ಮ ಮನೆಯ ಗಂಡಸರಿಗೆಲ್ಲ ಇತ್ತು, ನನಗೂ ಬಂತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಸ್ವಲ್ಪ ಹೊತ್ತು ನನ್ನನ್ನು ನೋಡಿ, ಚಾಚಿದ ಕಾಲು ಮಡಚಿಕೊಂಡು, "ಯಾವ ಸ್ಟೇಷನ್ ಸಾರ್?" ಎನ್ನುತ್ತಾರೆ. ನಾನು ಹೊಳಲ್ಕೆರೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು, ಮಕ್ಕಳಿಗೆ ಹೂಜಿ, ಬಾಳೆಹಣ್ಣು ಬರೆಯುವುದನ್ನು ಕಲಿಸುತ್ತೇನೆ ಎಂದರೆ ನಂಬುವುದಿಲ್ಲ. ಮಫ್ತಿಯಲ್ಲಿದ್ದಾನೆ ಎಂದುಕೊಂಡು, ಗುಟ್ಟು ಕಾಪಾಡುವವರಂತೆ ತಲೆಯಾಡಿಸುತ್ತಾರೆ.

ನನ್ನ ಹೆಂಡತಿ ನಾಗವೇಣಿಯದು ಇದರ ತದ್ವಿರುದ್ಧ ಕಷ್ಟ. ಅವಳು ಬೆಳ್ಳಗೆ, ಸಣ್ಣಗೆ ಇದ್ದಾಳೆ. ಬೆಳ್ಳಗಿರುವವರು ಮೆತ್ತಗೂ ಇರುತ್ತಾರೆ, ಕಪ್ಪಗಿರುವವರು ಒರಟಾಗಿರುತ್ತಾರೆ ಎಂಬುದು ನಮ್ಮ ಕಡೆಯ ವಿಜ್ಞಾನ. ಹೀಗಾಗಿ ಮದುವೆ ಮನೆಗಳಲ್ಲಿ ಹೆಂಗಸರು ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿ, "ಪಾಪ, ಹೆಂಗ್ ಬಾಳುವೆ ಮಾಡ್ತಾಳೋ" ಎಂದು ಅವಳ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿಸುತ್ತಾರೆ. ನಮ್ಮ ಬಚ್ಚಲಿಗೆ ಹಾವು ಬಂದ ದಿನ ಕೋಲು ಹಿಡಿದು ಒಳಗೆ ಹೋದವಳು ಈ ಪಾಪದವಳೇ. ನಾನು ಮಂಚದ ಮೇಲೆ ನಿಂತು, ಅದು ಯಾವ ಕಡೆ ಹೋಗಬಹುದೆಂದು ಕೂಗಿ ಹೇಳುತ್ತಿದ್ದೆ. ಅದೂ ಯಾರಾದರೊಬ್ಬರು ಮಾಡಬೇಕಾದ ಕೆಲಸವೇ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ನನಗೆ ಗಾಡಿ ಓಡಿಸಲು ಬರುವುದಿಲ್ಲ. ಸೈಕಲ್ಲೂ ಬರುವುದಿಲ್ಲ. ಚಿಕ್ಕವನಿದ್ದಾಗ ಊರಿನಲ್ಲಿ ಸೈಕಲ್ ಕಲಿಯಲು ಹೋಗಿ ತಿಪ್ಪೆಗುಂಡಿಗೆ ಬಿದ್ದೆ. ಮದುವೆಯಾದ ಮೇಲೆ ಒಂದು ಸ್ಕೂಟರ್ ಕೊಂಡು ಇನ್ನೊಂದು ಪ್ರಯತ್ನ ಮಾಡಿದೆ. ಬ್ರೇಕ್ ಹಿಡಿಯಬೇಕಾದಲ್ಲಿ ಆಕ್ಸಿಲರೇಟರ್ ತಿರುವಿ ಒಬ್ಬ ಎಳನೀರಿನವನ ರಾಶಿಯೊಳಗೆ ನುಗ್ಗಿದೆ. ಎಳನೀರಿನವನು ಕೈಯಲ್ಲಿ ಮಚ್ಚು ಹಿಡಿದೇ ಎದ್ದು ಬಂದ. ನನ್ನ ಮೀಸೆ ನೋಡಿ, "ಇರ್ಲಿ ಬಿಡ್ರಿ ಸಾರ್, ಕುಡಿದ್ ಹೋಗ್ರಿ" ಎಂದು ಒಂದು ಕೆತ್ತಿ ಕೊಟ್ಟ. ಮೀಸೆಯಿಂದ ನನಗೆ ಆದ ಲಾಭವೆಂದರೆ ಆ ಒಂದು ಎಳನೀರು. ಗಾಡಿ ಅಂದೇ ನಾಗವೇಣಿಯ ಪಾಲಾಯಿತು. ಹಳ್ಳಿ ಹಳ್ಳಿ ತಿರುಗಿ ಮಕ್ಕಳಿಗೆ ಚುಚ್ಚುಮದ್ದು ಹಾಕುವ ಕೆಲಸ ಅವಳದು. ತಾಲ್ಲೂಕಿನ ಯಾವ ರಸ್ತೆಯಲ್ಲಿ ಯಾವ ಗುಂಡಿ ಇದೆ ಎಂದು ಕಣ್ಣುಮುಚ್ಚಿ ಹೇಳುತ್ತಾಳೆ.

ಹೊಳಲ್ಕೆರೆಯ ಪೇಟೆಯಲ್ಲಿ ಅವಳ ಹಿಂದೆ ಕೂತು ಹೋಗಲು ನನಗೆ ಯಾವ ಮುಜುಗರವೂ ಇಲ್ಲ. ಪೇಟೆಯಲ್ಲಿ ಯಾರಿಗೆ ಯಾರು? ಕಷ್ಟವಿದ್ದದ್ದು ನಮ್ಮೂರಿನಲ್ಲಿ. ಅದು ಬಿ.ದುರ್ಗ ದಾಟಿ ಒಳಗೆ ಹೋಗಬೇಕಾದ ಸಣ್ಣ ಹಳ್ಳಿ. ಅಲ್ಲಿ ನನ್ನ ತಮ್ಮನ ಸಂಸಾರವಿದೆ, ಅವನ ಜೊತೆ ನಮ್ಮವ್ವ ಇದ್ದಾಳೆ. ಊರ ಬಾಗಿಲಿಗೇ ಅರಳಿಕಟ್ಟೆ, ಕಟ್ಟೆಯ ತುಂಬ ಗಂಡಸರು. ಅವರೆದುರು ಹೆಂಡತಿಯ ಹಿಂದೆ, ತರಕಾರಿ ಚೀಲ ತೊಡೆಯ ಮೇಲಿಟ್ಟುಕೊಂಡು ಹೋಗುವುದುಂಟೇ? ಹಾಗಾಗಿ ನಾನೊಂದು ಏರ್ಪಾಟು ಮಾಡಿಕೊಂಡಿದ್ದೆ. ಊರಿಗೆ ಮುಂಚೆ ಸಿಗುವ ಹುಣಸೆಮರದ ಹತ್ತಿರ ಗಾಡಿ ನಿಲ್ಲಿಸಲು ಹೇಳಿ ಇಳಿದುಬಿಡುವುದು. ಅವಳು ಮುಂದೆ ಹೋಗುವುದು. ನಾನು ಮರದಡಿ ಒಂದಷ್ಟು ಹೊತ್ತು ಕೂತು, ಆಮೇಲೆ ನಡೆದು ಹೋಗುವುದು. ಕಟ್ಟೆಯವರು ಕೇಳಿದರೆ, "ಬಸ್ಸಿಗೆ ಬಂದೆ" ಎನ್ನುವುದು. ನಾಗವೇಣಿ ಇದಕ್ಕೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ನಾನು ಇಳಿದ ಮೇಲೆ ಗಾಡಿ ಹಗುರಾಗುತ್ತಿತ್ತು, ಬೇಗ ಹೋಗುತ್ತಿದ್ದಳು.

ಹೀಗೇ ಸುಖವಾಗಿ ನಡೆಯುತ್ತಿದ್ದಾಗ ಒಂದು ಭಾನುವಾರ ನಾನು ಬೆವರು ಒರೆಸಿಕೊಳ್ಳುತ್ತ ಮನೆಗೆ ಹೋದರೆ, ಜಗಲಿಯ ಮೇಲೆ ದೊಡ್ಡಪ್ಪ ರುದ್ರಪ್ಪ ಚಾಪೆ ಹಾಸಿಕೊಂಡು ಕೂತಿದ್ದ. ಪಕ್ಕದಲ್ಲಿ ದೊಡ್ಡಮ್ಮ. ಬಾಗಿಲಲ್ಲಿ ನಮ್ಮವ್ವ, ಕಣ್ಣಿಗೆ ಸೆರಗು. ಎದುರಿಗೆ ನಾಗವೇಣಿ ತಲೆ ತಗ್ಗಿಸಿ ಕೂತಿದ್ದಳು. ಯಾರೋ ಹೋದರೇನೋ ಎಂದುಕೊಂಡೆ.

"ತಿಪ್ಪೇಶ, ಕುಂತ್ಕ" ಎಂದ ದೊಡ್ಡಪ್ಪ. "ಏನಪ್ಪ ನಿಮ್ದು?"

"ಏನು ದೊಡ್ಡಪ್ಪ?"

"ಗಂಡ ಒಂದ್ ದಾರಿ, ಹೆಂಡ್ತಿ ಒಂದ್ ದಾರಿ. ಆಕಿ ಗಾಡಿ ಮೇಲೆ ಬರ್ತಾಳೆ, ನೀನು ಬಿಸ್ಲಾಗೆ ಕಾಲೆಳಕಂಡ್ ಬರ್ತೀಯ. ಕೇಳಿದ್ರೆ ಬಸ್ಸು ಅಂತೀಯ. ಆ ಬಸ್ಸು ನಿಂತ್ಹೋಗಿ ಬಾಳ ದಿನ ಆತಲ್ಲೋ. ಊರಾಗೆ ಏನಂತವ್ರೆ ಗೊತ್ತೈತಾ? ಗಂಡ ಹೆಂಡ್ತಿ ಮಾತು ಬಿಟ್ಟವ್ರೆ, ಇವತ್ತೋ ನಾಳೆಯೋ ಸೋಡಚೀಟಿ ಬರ್ಕಂಡು ಬೇರೆ ಆಗ್ತಾರೆ ಅಂತವ್ರೆ."

ನಮ್ಮವ್ವ ಬಾಗಿಲಲ್ಲಿ ಬಿಕ್ಕಿದಳು. ಬೆಳಿಗ್ಗೆಯಿಂದ ಒಂದು ತುತ್ತು ಮುದ್ದೆ ಮುಟ್ಟಿಲ್ಲ ಎಂದು ತಮ್ಮ ಒಳಗಿನಿಂದ ಹೇಳಿದ.

ಈಗ ನನ್ನ ಮುಂದೆ ಎರಡೇ ದಾರಿ. ಗಾಡಿ ಬರುವುದಿಲ್ಲ, ಹೆಂಡತಿಯ ಹಿಂದೆ ಕೂತು ಬರುತ್ತೇನೆ ಎಂದು ಒಪ್ಪಿಕೊಳ್ಳುವುದು. ಇಲ್ಲವೇ ಜಗಳ ಇದೆ ಎನ್ನುವುದು. ಸ್ವಲ್ಪ ಯೋಚಿಸಿ ನೋಡಿದೆ. ಹೆಂಡತಿಯ ಜೊತೆ ಜಗಳ ಆಡಿದ ಗಂಡಸಿಗೆ ಊರಿನಲ್ಲಿ ಒಂದು ಬೆಲೆ ಇದೆ. ಮೀಸೆಗೂ ಹೊಂದುತ್ತದೆ.

"ಹೌದು ದೊಡ್ಡಪ್ಪ," ಎಂದೆ, "ಸ್ವಲ್ಪ ವೈಮನಸ್ಸು."

ನಾಗವೇಣಿ ತಲೆ ಎತ್ತಿ ನನ್ನನ್ನು ನೋಡಿದಳು.

"ಯಾತಕ್ಕೆ?" ಎಂದ ದೊಡ್ಡಪ್ಪ.

ಕಾರಣ ಯೋಚಿಸಿಟ್ಟುಕೊಂಡಿರಲಿಲ್ಲ. "ಸಾರಿಗೆ ಉಪ್ಪು ಜಾಸ್ತಿ ಹಾಕ್ತಾಳೆ" ಎಂದುಬಿಟ್ಟೆ. ನಮ್ಮ ಮನೆಯಲ್ಲಿ ಸಾರು ಮಾಡುವವನು ನಾನು. ಅವಳು ಬೆಳಗ್ಗೆ ಬೇಗ ಡ್ಯೂಟಿಗೆ ಹೋಗುತ್ತಾಳೆ.

ನಾನು ನಿರೀಕ್ಷಿಸಿದ್ದು ದೊಡ್ಡಪ್ಪ ನಕ್ಕು, ಅನುಸರಿಸಿಕೊಂಡು ಹೋಗ್ರಪ್ಪ ಎಂದು ಬುದ್ಧಿ ಹೇಳಿ ಏಳಬಹುದು ಎಂದು. ಹಾಗಾಗಲಿಲ್ಲ. ದೊಡ್ಡಮ್ಮ ನಾಗವೇಣಿಯ ಕಡೆ ತಿರುಗಿ ಕೂತಳು. "ಕೈಯಾಗೆ ಸಂಬಳ ಬರ್ತೈತೆ ಅಂತ ಹಿಂಗೇನವ್ವ? ಗಂಡನ್ನ ರಣಬಿಸ್ಲಾಗೆ ನಡೆಸಿ ನೀನು ಗಾಡಿ ಮೇಲೆ ಮೆರೀತೀಯ? ಮುಖ ನೋಡಿದ್ರೆ ಬೆಣ್ಣೆ ಇದ್ದಂಗೆ ಐತೆ." ನಮ್ಮವ್ವನೂ ಸೇರಿಕೊಂಡಳು. "ನನ್ ಮಗ ಎಷ್ಟು ಬಡವಾಗ್ಯಾನೆ ನೋಡ್ರಿ" ಎಂದಳು. ಹೊಟ್ಟೆ ಬಂದು ನನ್ನ ಅಂಗಿಯ ಗುಂಡಿ ಹಾಕಲಾಗದೆ ಒಂದು ತಿಂಗಳಾಗಿತ್ತು. ಕೊನೆಗೆ ದೊಡ್ಡಮ್ಮ, "ಹಿರಿಯೂರು ಕಡೇರು ಹಂಗೇ ಬಿಡು. ತವರಾಗೆ ಕಲಿಸ್ಬೇಕಿತ್ತು" ಎಂದಳು.

ನಾಗವೇಣಿ ಬಾಯಿ ಬಿಡಲಿಲ್ಲ. ಅವಳು ಒಂದೇ ಒಂದು ಮಾತು ಹೇಳಿದ್ದರೆ ನನ್ನ ಬಣ್ಣ ಬಯಲಾಗುತ್ತಿತ್ತು. ಹೇಳಲಿಲ್ಲ. ಆದರೆ ತವರಿನ ಮಾತು ಬಂದಾಗ ಅವಳ ಕಣ್ಣು ಒದ್ದೆಯಾದದ್ದು ಕಂಡಿತು. ಹಾವಿಗೆ ಹೆದರದವಳು. ಹುಣಸೆಮರದಡಿ ನಾನು ಉಳಿಸಿಕೊಂಡು ಬಂದದ್ದು ನನ್ನ ಮರ್ಯಾದೆ. ಅಷ್ಟೂ ದಿನ ಊರಿನಲ್ಲಿ ಹೋದದ್ದು ಅವಳದು. ನಾಚಿಕೆಯಾಯಿತು. ಇಂಥ ಹೊತ್ತಿನಲ್ಲಿ ಮೀಸೆ ಏನೂ ಸಹಾಯ ಮಾಡುವುದಿಲ್ಲ.

"ದೊಡ್ಡಮ್ಮ, ಸಾಕು," ಎಂದೆ. "ಸಾರು ಮಾಡೋನು ನಾನು. ಜಗಳಾನೂ ಇಲ್ಲ, ಏನೂ ಇಲ್ಲ. ನನಗೆ ಗಾಡಿ ಬರಲ್ಲ."

"ಗೊತ್ತು" ಎಂದ ದೊಡ್ಡಪ್ಪ.

"ಗೊತ್ತಾ?"

"ತಿಪ್ಪೆಗುಂಡಿಯಿಂದ ಎಳೆದು ಹಾಕಿದ್ದು ಯಾರಲೇ? ಆವತ್ತಿಂದ ಊರಿಗೆಲ್ಲ ಗೊತ್ತು."

"ಹುಣಸೆಮರದವರೆಗೂ ಇವಳ ಹಿಂದೆ ಕೂತೇ ಬರ್ತೀನಿ. ಅಲ್ಲಿ ಇಳೀತೀನಿ."

"ಯಾಕೆ?"

"ಕಟ್ಟೆ ಮೇಲಿನೋರು ನಗ್ತಾರೆ ಅಂತ."

ದೊಡ್ಡಪ್ಪ ನನ್ನನ್ನೊಮ್ಮೆ, ನನ್ನ ಮೀಸೆಯನ್ನೊಮ್ಮೆ ನೋಡಿದ. ಆಮೇಲೆ ನಕ್ಕ. ಎಂಥ ನಗು ಎಂದರೆ, ಕಟ್ಟೆಯ ಮೇಲಿದ್ದವರೆಲ್ಲ ಏನಾಯಿತೆಂದು ಎದ್ದು ಬಂದರು. ಅವರಿಗೂ ಹೇಳಿದ. ಅವರೂ ನಕ್ಕರು. ಇಷ್ಟು ವರ್ಷ ನಾನು ತಪ್ಪಿಸಿಕೊಂಡು ತಿರುಗಿದ ನಗೆಯನ್ನೆಲ್ಲ ಒಂದೇ ದಿನ ಬಡ್ಡಿ ಸಮೇತ ವಸೂಲು ಮಾಡಿದರು. ನಮ್ಮವ್ವ ಮಾತ್ರ ನಗಲಿಲ್ಲ. ಸೆರಗು ಕೊಡವಿ, "ಅಷ್ಟೇನಾ? ನಾನು ಉಪಾಸ ಇದ್ದಿದ್ದು ಇದಕ್ಕಾ?" ಎಂದು ಮುದ್ದೆ ಉಣ್ಣಲು ಒಳಗೆ ಹೋದಳು. ದೊಡ್ಡಮ್ಮ ನಾಗವೇಣಿಯ ಪಕ್ಕ ಸರಿದು ಕೂತು, "ನೀನಾದ್ರೂ ಬಾಯಿ ಬಿಡಬಾರ್ದೇನವ್ವ" ಎಂದು ಅವಳನ್ನೇ ಮತ್ತೆ ಬೈದಳು.

ಸಂಜೆ ಹೊರಡುವಾಗ ಊರು ಊರೇ ನಮ್ಮನ್ನು ಕಳಿಸಲು ಬಂದಿತ್ತು. ನಾಗವೇಣಿ ಗಾಡಿ ಶುರು ಮಾಡಿದಳು. ನಾನು ಹತ್ತಿದೆ. ದೊಡ್ಡಪ್ಪ ಹತ್ತಿರ ಬಂದು, ಗಂಭೀರವಾಗಿ, ತಗ್ಗಿದ ದನಿಯಲ್ಲಿ ಹೇಳಿದ: "ಆಕಿ ಹಿಂದೆ ಕುಂತ್ರೆ ಏನೂ ತೆಪ್ಪಿಲ್ಲ. ಆದ್ರೆ ಎಲ್ಡೂ ಕಾಲು ಒಂದೇ ಕಡೆ ಇಳಿಬಿಡಬ್ಯಾಡ. ಗಂಡ್ಸು ನೀನು."

ಬಿ.ದುರ್ಗ ದಾಟುವವರೆಗೂ ನಾಗವೇಣಿ ಗುಂಡಿ ತಪ್ಪಿಸುತ್ತ ಗಾಡಿ ಓಡಿಸಿದಳು. ಆಮೇಲೆ, "ಉಪ್ಪು ನಿಜವಾಗ್ಲೂ ಜಾಸ್ತಿ ಇರುತ್ತೆ ಕಣ್ರೀ" ಎಂದಳು.

ಅಂದಿನಿಂದ ನಾನು ಬದಲಾದ ಮನುಷ್ಯ. ಸ್ಟಾಫ್ ರೂಮಿನಲ್ಲಿ, ಗಂಡಸು ಹೆಂಗಸು ಎನ್ನುವುದೆಲ್ಲ ನಾವೇ ಕಟ್ಟಿಕೊಂಡ ಗೋಡೆಗಳು ಎಂದು ಬಿಡುವು ಸಿಕ್ಕಾಗಲೆಲ್ಲ ಹೇಳುತ್ತೇನೆ. ಕೇಳುವವರು ಬೇಜಾರುಪಟ್ಟರೂ ನನ್ನ ಮೈಕಟ್ಟು ನೋಡಿ ಸುಮ್ಮನಿರುತ್ತಾರೆ.

ಮೊನ್ನೆ ಹಿರಿಯೂರು ಕಡೆಗೆ, ನಾಗವೇಣಿಯ ತವರಿಗೆ ಹೋದೆವು. ತವರೂರು ಎಂದರೆ ಸ್ವಲ್ಪ ಬೇರೆ. ಅಲ್ಲಿ ನಾನು ಅಳಿಯ. ಊರಿಗೆ ಮುಂಚೆ ಅಲ್ಲೊಂದು ಬೇವಿನಮರವಿದೆ. "ಇಲ್ಲಿ ಸ್ವಲ್ಪ ನಿಲ್ಸು, ಕಾಲು ಜೋಮು ಹಿಡಿದಿದೆ" ಎಂದೆ. ಅವಳು ನಿಲ್ಲಿಸಲಿಲ್ಲ. ಗಾಡಿ ಇನ್ನೂ ಜೋರಾಯಿತು. ನಾನು ಹೆಲ್ಮೆಟ್ಟಿನ ಗಾಜನ್ನು ಕೆಳಗೆ ಎಳೆದುಕೊಂಡೆ. ಅದು ಕಪ್ಪು ಗಾಜು, ಮೀಸೆ ಕಾಣುವುದಿಲ್ಲ. ಮನೆಯ ಮುಂದೆ ನಿಂತಿದ್ದ ಮಾವನವರು ಮಗಳನ್ನು ನೋಡಿ ಹಿಗ್ಗಿದರು. ಹಿಂದೆ ಚೀಲ ತಬ್ಬಿಕೊಂಡು ಕೂತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾರವ್ವ ಇವ್ರು? ಅಳಿಯಂದ್ರು ಬರ್ಲಿಲ್ವಾ?" ಎಂದರು.

ನಾಗವೇಣಿ ನನ್ನ ಕಡೆ ತಿರುಗಿದಳು.

"ಬಸ್ಸಿಗೆ ಬರ್ತಾ ಅವ್ರೆ" ಎಂದೆ, ಹೆಲ್ಮೆಟ್ಟಿನ ಒಳಗಿನಿಂದ.