ಮುನ್ನೂರು ದನಿಚೀಲದ ಜೋಗುಳ

“ಮ್ಯಾಲಿಂದ ಪದ ಸುರಿ, ಕೆಳಗಿಂದ ಹಾಡು ಹಿಡಕೋ!”

ಕಾಟಯ್ಯ ಮಾಮ ಎಮ್ಮೆಯ ಬೆನ್ನು ಸವರುವ ಹಾಗೆ ತನ್ನ ಹೊಸ ಯಂತ್ರವನ್ನು ಸವರಿದ. ನಮ್ಮ ಓಣಿಯ ಹಿಟ್ಟಿನ ಗಿರಣಿ ಅವನದು. ಹಿಟ್ಟು ಬೀಸಿ ಉಳಿದ ಹೊತ್ತಿನಲ್ಲೆಲ್ಲ ಏನಾದರೊಂದು ಕಂಡುಹಿಡಿಯುವುದು ಅವನ ರೋಗ. ಹೋದ ವರ್ಷ ಸೊಳ್ಳೆ ಕರೆಯುವ ಬಲೆ ಮಾಡಿ, ಪಕ್ಕದ ಓಣಿಯ ಸೊಳ್ಳೆಗಳನ್ನೂ ನಮಗೆ ತಂದುಕೊಟ್ಟ ಮಹಾನುಭಾವ!

ಈ ಸಲದ್ದು ಗಾನಗಿರಣಿ. ಮೇಲೆ ತಗಡಿನ ಬಾಯಿ, ಹೊಟ್ಟೆಯೊಳಗೆ ಹಳೇ ಕಂಪ್ಯೂಟರು, ಕೆಳಗೆ ಜಾತ್ರೆಯ ಮೈಕಿನ ಹಾರ್ನು.

“ಹಾಡೋಕೆ ಮನುಷ್ಯ ಬೇಡ ಕಣೋ ಪಾಲಾಕ್ಷ, ಮನುಷ್ಯನ ದನಿ ಇದ್ರೆ ಸಾಕು. ಒಬ್ಬೊಬ್ಬರ ಬಾಯಲ್ಲೂ ಅಕ್ಷರಮಾಲೆ ಹೇಳ್ಸಿ, ಹಿಡಿದು, ಒಂದೊಂದು ದನಿಚೀಲ ಮಾಡಿದೀನಿ. ಇದು ಬೇಕಾದ ಅಕ್ಷರ ಹೆಕ್ಕಿ, ರಾಗಕ್ಕೆ ಎಳೆದು, ಪೋಣಿಸಿ ಹಾಡುತ್ತೆ. ಎಷ್ಟು ಚೀಲ ಐತೆ ಗೊತ್ತಾ?”

“ಎಷ್ಟು?”

“ಮುನ್ನೂರು! ಇಡೀ ಹಿರಿಯೂರಲ್ಲಿ ಯಾರತ್ರ ಐತೆ ಹೇಳು?”

ಯಾರ ಹತ್ತಿರವೂ ಇರಲಿಲ್ಲ, ನಿಜ. ಆದರೆ ನಮಗೆ ಬೇಕಾಗಿದ್ದದ್ದು ಒಂದೇ ಒಂದು ದನಿ.

ನನ್ನ ಅಕ್ಕ ನಾಗವೇಣಿ ಸೋಮವಾರದಿಂದ ಮತ್ತೆ ಗಾರ್ಮೆಂಟ್ಸಿಗೆ ಹೋಗಬೇಕಿತ್ತು. ಗಂಡ ಲಾರಿ ಹತ್ತಿದವನು ಯಾವಾಗ ಇಳಿಯುತ್ತಾನೋ ಅವನಿಗೇ ತಿಳಿಯದು. ನಮ್ಮವ್ವ ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ಹೋಗುತ್ತಾಳೆ. ಮನೆಯ ಮುಂದಿನ ಕೋಣೆಯಲ್ಲಿ ಸುಟ್ಟ ಪಂಪಿನ ಮೋಟಾರುಗಳಿಗೆ ತಂತಿ ಸುತ್ತುವವನು ನಾನು. ಹಾಗಾಗಿ ಅಕ್ಕನ ಕೂಸು ಲಾಸ್ಯಳನ್ನು ನೋಡಿಕೊಳ್ಳುವ ಕೆಲಸ ನನ್ನ ಹೆಗಲೇರಿತ್ತು. ಆ ಕೂಸೋ, ಅಕ್ಕನ ಜೋಗುಳವಿಲ್ಲದೆ ರೆಪ್ಪೆ ಮುಚ್ಚುವುದಿಲ್ಲ. ನಿದ್ದೆಯಿಲ್ಲದಿದ್ದರೆ ಊಟವಿಲ್ಲ, ಅತ್ತು ಅತ್ತು ಮುಖ ನೀಲಿಯಾಗುತ್ತದೆ. ಅಕ್ಕ ಮೊದಲ ಸಲ ಕೆಲಸಕ್ಕೆ ಹೋದ ದಿನವೇ ನಾನು ಫ್ಯಾಕ್ಟರಿಯ ಗೇಟಿಗೆ ಫೋನು ಮಾಡಿ ಕರೆಸಿಕೊಂಡಿದ್ದೆ. ಇನ್ನೊಮ್ಮೆ ನಡುವೆ ಎದ್ದುಹೋದರೆ ಮತ್ತೆ ಬರುವುದೇ ಬೇಡ ಎಂದು ಸೂಪರ್‌ವೈಸರ್ ಹೇಳಿ ಕಳಿಸಿದ್ದ. ಅಲ್ಲಿ ಅಕ್ಕನಿಗೆ ಹೆಸರೂ ಇಲ್ಲ, ನಂಬರು. ಒಂದು ನಂಬರು ಹೋದರೆ ಹೊರಗೆ ನೂರು ನಂಬರು ನಿಂತಿವೆಯಂತೆ! ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

“ಹಾಕು ನಿನ್ನ ಪದ” ಎಂದ ಮಾಮ.

ಅಕ್ಕ ತಾನೇ ಕಟ್ಟಿಕೊಂಡ ಪದವಿತ್ತು: ‘ಮಲಗೇ ಬೆಲ್ಲದ ಅಚ್ಚೇ, ಅವ್ವ ಬರ್ತಾಳೆ ಹೊತ್ತಿಗೆ ಮುಂಚೆ.’ ಅದನ್ನು ಕಂಪ್ಯೂಟರಿನ ಕೀಲಿಗಳಲ್ಲಿ ಒತ್ತಿದೆ. ರಾಗವನ್ನು ಅಕ್ಕ ಗುನುಗಿದಳು. ಕೂಸು ನನ್ನ ಹೆಗಲ ಮೇಲಿತ್ತು.

“ಮ!” ಎಂದಿತು ಯಂತ್ರ, ಮೀನಿನ ಗಾಡಿಯ ಬಾಷಣ್ಣನ ದನಿಯಲ್ಲಿ. “ಲ!” ಎಂದಿತು ಯಾವುದೋ ಮುದುಕಿಯ ದನಿಯಲ್ಲಿ. “ಗೇ!” ಎನ್ನುವಾಗ ಬಂದದ್ದು ಬಸ್‌ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಕೂಗುವವನ ಗಂಟಲು! ಒಂದೊಂದು ಅಕ್ಷರವೂ ಒಂದೊಂದು ಹೊಡೆತ. ಮೂವರು ಸೇರಿ ಕೂಸಿಗೆ ಮಲಗೆಂದು ಹೇಳುತ್ತಿರಲಿಲ್ಲ. ಅದರ ಮೇಲೆ ಕೇಸು ಹಾಕುತ್ತಿದ್ದರು! ಲಾಸ್ಯ ಕಿಟಾರನೆ ಕಿರುಚಿದಳು.

“ಮಾಮ, ಎಲ್ಲರೂ ಯಾಕೆ ಹಿಂಗೆ ಅರಚ್ತಾರೆ?”

“ಗಿರಣಿ ಓಡೋವಾಗ ತಾನೇ ದನಿ ತಗೊಂಡಿದ್ದು? ಪಾಳಿಯಲ್ಲಿ ನಿಂತೋರು ಸುಮ್ನೆ ನಿಂತಿರ್ತಾರೆ, ಹೇಳಿಸ್ದೆ. ಆ ಸದ್ದಲ್ಲಿ ಮೆತ್ತಗೆ ಹೇಳಿದ್ರೆ ಕೇಳುತ್ತೇನಲಾ? ಜೋರಾಗಿ ಹೇಳ್ರಿ ಅಂತ ನಾನೇ ಅಂದೆ.”

“ಒಂದೇ ಪದಕ್ಕೆ ಮೂರು ಜನ ಯಾಕೆ?”

ಮಾಮ ಸ್ವಲ್ಪ ಗಲ್ಲ ಕೆರೆದುಕೊಂಡ. “ಅದು... ಹಿಟ್ಟು ಆಗೋವರೆಗೆ ಮಾತ್ರ ಜನ ನಿಲ್ತಾರೆ. ಒಂದು ಮೂಟೆ ರಾಗಿ ತಂದೋರ ಹತ್ರ ಪೂರ್ತಿ ಅಕ್ಷರಮಾಲೆ ಸಿಕ್ತು. ಒಂದು ಪಾವು ಕಡ್ಲೆ ತಂದೋರು ‘ಅಃ’ ಅನ್ನೋದ್ರೊಳಗೆ ಹೊರಟುಬಿಟ್ರು. ಇಲ್ಲದ ಅಕ್ಷರನ ಪಕ್ಕದ ಚೀಲದಿಂದ ಸಾಲ ತಗಳುತ್ತೆ!”

“ಹಂಗಾದ್ರೆ ಮುನ್ನೂರರಲ್ಲಿ ತುಂಬಿದ ಚೀಲ ಎಷ್ಟು?”

“ಎಲ್ಲಾನೂ ಚೀಲನೇ ಕಣೋ! ಲೆಕ್ಕಕ್ಕೆ ಮುನ್ನೂರು!”

ಈ ಲೆಕ್ಕ ಕೇಳಿದರೆ ನನಗೆ ನಮ್ಮ ಇಸ್ಕೂಲು ನೆನಪಾಗುತ್ತದೆ. ಒಂದು ಕೋಣೆಯೊಳಗೆ ತುರುಕಿದಷ್ಟು ಹುಡುಗರು. ಹಾಜರಿ ತುಂಬಿದರೆ ಮೇಷ್ಟರಿಗೆ ಸಂತೋಷ. ನಾನು ಬಿಟ್ಟುಹೋದದ್ದು ಅವರಿಗೆ ತಿಳಿದದ್ದೇ ಪರೀಕ್ಷೆಯ ಹೊತ್ತಿಗೆ!

“ಮಾಮ, ನಾನು ತಂತಿ ಸುತ್ತೋನು. ಸುತ್ತು ಜಾಸ್ತಿ ತುರುಕಿದ್ರೆ ಮೋಟ್ರು ಜೋರಾಗಿ ತಿರುಗಲ್ಲ. ಗುಂಯ್ ಅಂತ ನಿಂತ್ಕಳುತ್ತೆ!”

“ನಿನ್ನ ಸುಟ್ಟ ಮೋಟ್ರಿಗೂ ನನ್ನ ಗಾನಕ್ಕೂ ಹೋಲ್ಸಬ್ಯಾಡ! ಒಂದೊಂದು ದನಿ ಒರಟಾಗಿದ್ರೆ ಏನಾಯ್ತು? ಎಲ್ಲಾ ಒಟ್ಟಿಗೆ ಸೇರಿದ್ರೆ ಒರಟು ಸವೆದು ನುಣ್ಣಗಾಗುತ್ತೆ. ನೋಡ್ತಿರು!”

“ಬ್ಯಾಡ ಮಾಮ!” ಎಂದು ಅಕ್ಕ ಕೂಗುವುದರೊಳಗೆ ಅವನು ಮುನ್ನೂರು ಚೀಲವನ್ನೂ ಒಟ್ಟಿಗೆ ಬಿಚ್ಚಿಬಿಟ್ಟ.

ಆಮೇಲೆ ಆದದ್ದನ್ನು ಹಾಡು ಎನ್ನಲಾರೆ. ಗಿರಣಿಯ ಹೆಂಚಿನ ಮೇಲಿದ್ದ ವರ್ಷಗಳ ಹಿಟ್ಟಿನ ಧೂಳೆಲ್ಲ ಒಮ್ಮೆಗೇ ಉದುರಿ ನಾವೆಲ್ಲ ಬೆಳ್ಳಗಾದೆವು. ಮೂಲೆಯ ಅಂಗಡಿಯವನು ಗಲಾಟೆ ಎದ್ದಿತೆಂದು ಷಟರ್ ಎಳೆದ. ಇನ್ನೊಂದು ಕಡೆಯಿಂದ ಮೆರವಣಿಗೆ ಬಂತೆಂದು ಇಬ್ಬರು ಹೆಂಗಸರು ಹಣ್ಣುಕಾಯಿ ತಟ್ಟೆ ಹಿಡಿದು ಓಡಿಬಂದರು, ದೇವರೆಲ್ಲಿ ಎಂದು ಹುಡುಕಿದರು, ಬಿಳಿಯಾಗಿ ನಿಂತ ಕಾಟಯ್ಯ ಮಾಮನನ್ನು ಕಂಡು ಅನುಮಾನದಲ್ಲಿ ಕೈಮುಗಿದರು!

ಅಷ್ಟರಲ್ಲಿ ಎದುರು ಮನೆ ಶಾರದಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು. ನಲ್ಲಿಯ ಜಗಳದ ನಂತರ ಅವಳಿಗೂ ಮೂಲೆ ಮನೆಯ ಹಾಲಮ್ಮನಿಗೂ ಮಾತಿಲ್ಲ.

“ಕಾಟಣ್ಣ, ‘ಬೆಲ್ಲ’ದಾಗೆ ‘ಬೆ’ ನಂದು. ಎಷ್ಟು ಗದ್ದಲ ಇದ್ರೂ ನನ್ ದನಿ ನನಗೆ ಗೊತ್ತಾಗಲ್ವಾ? ಅದರ ಪಕ್ಕಕ್ಕೆ ಆ ಹಾಲಮ್ಮನ ‘ಲ್ಲ’ ಯಾಕೆ ಕಟ್ಟಿದೆ?”

“ಏನವ್ವ, ಬೆಲ್ಲ ಅಲ್ವಾ, ಸಿಹಿಯಾಗಿರ್ಲಿ ಅಂತ...”

“ನನ್ ‘ಬೆ’ ನನಗೆ ವಾಪಸ್ ಕೊಡು! ಅವಳ ಸವಾಸದಾಗೆ ನಾನು ಬೆಲ್ಲನೂ ಆಗಲ್ಲ!”

ಈ ಗದ್ದಲದಲ್ಲಿ ಅಕ್ಕ ಕೂಸನ್ನು ನನ್ನಿಂದ ಕಿತ್ತುಕೊಂಡು ಮೂಟೆಯ ಮೇಲೆ ಕುಳಿತಳು. ಅಳುವ ಕೂಸಿನ ಬೆನ್ನು ತಟ್ಟುತ್ತ, “ಆಯ್ತು ಬಿಡು ಪಾಲಾಕ್ಷ. ನಾನು ಹೋಗಲ್ಲ. ಬ್ಯಾರೆ ಯಾರಾದ್ರೂ ಹೋಗ್ಲಿ” ಎಂದಳು. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ನಾನು ಹೋಗಿ ಯಂತ್ರದ ಪ್ಲಗ್ ಕಿತ್ತೆ.

“ಮಾಮ, ಈ ಮುನ್ನೂರನ್ನೂ ಅಳಿಸು! ಅರ್ಧಂಬರ್ಧ ಮುನ್ನೂರು ಜನ ಇದ್ದರೂ ಒಂದು ಕೂಸನ್ನ ಮಲಗಿಸೋಕೆ ಆಗ್ಲಿಲ್ಲ. ಒಬ್ಬಳನ್ನ ತಗೋ. ಪೂರ್ತಿ ತಗೋ. ಇಲ್ಲಾಂದ್ರೆ ಇದನ್ನ ಮೋಟ್ರು ಬಿಚ್ಚಿದ ಹಂಗೆ ಬಿಚ್ಚಿ ಹಾಕ್ತೀನಿ!”

ಮಾಮ ಅಕ್ಕನ ಮುಖ ನೋಡಿದ. ಪ್ಲಗ್ ಮತ್ತೆ ಸಿಕ್ಕಿಸಿ ಚೀಲಗಳನ್ನು ಒಂದೊಂದಾಗಿ ಅಳಿಸತೊಡಗಿದ.

ಭಾನುವಾರ ಮಧ್ಯಾಹ್ನ ಕಾಟಯ್ಯ ಮಾಮನ ಗಿರಣಿ ನಿಂತಿತು. ರಾಗಿ ಹೊತ್ತು ಬಂದವರು ಬೈದು ವಾಪಸು ಹೋದರು. ಸುತ್ತಲೂ ಮೂಟೆಗಳ ಗೋಡೆ ಕಟ್ಟಿ, ಮೇಲೆ ಕಂಬಳಿ ಹೊದಿಸಿ, ಆ ಗುಹೆಯೊಳಗೆ ಅಕ್ಕನನ್ನು ಕೂರಿಸಿದೆವು. ಒಂದೊಂದು ಅಕ್ಷರವನ್ನೂ ಮೇಲಿನ ಸ್ವರದಲ್ಲಿ, ಕೆಳಗಿನ ಸ್ವರದಲ್ಲಿ, ಪಿಸುಗುಟ್ಟಿ, ಎಳೆದು, ಮೊಟಕಾಗಿ ಹೇಳಿಸಿದ ಮಾಮ. ಕೊನೆಗೆ ಕೂಸನ್ನು ತೊಡೆಯ ಮೇಲಿಟ್ಟು ಇಡೀ ಜೋಗುಳವನ್ನೂ ಹಾಡಿಸಿದ. ಹೇಳಲೇಬೇಕು, ಒಂದೇ ಚೀಲ ತುಂಬಿಸಬೇಕಾಗಿ ಬಂದಾಗ ಅವನು ಬೇರೆಯೇ ಮನುಷ್ಯನಾಗಿದ್ದ. ಆಮೇಲೆ ಕೂತು ಅವಳ ಕೆಮ್ಮು, ಉಸಿರು, ನಡುನಡುವಿನ ಮಾತು ಎಲ್ಲವನ್ನೂ ಜರಡಿ ಹಿಡಿದು ತೆಗೆದ.

ಸಂಜೆ ಯಂತ್ರವನ್ನು ನಮ್ಮ ಮನೆಗೆ ಹೊತ್ತು ತಂದೆವು. ಅದು ಹಾಡಿತು.

ಓಣಿಯೇ ಗಪ್‌ಚಿಪ್ಪಾಯಿತು. ಶಾರದಕ್ಕ ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡಳು. ರೇಡಿಯೋದಲ್ಲೂ ಅಂಥ ದನಿ ಕೇಳಿಲ್ಲ ನಾನು. ಅಕ್ಕನೇ ಬೆರಗಾಗಿ, “ಇದು ನಾನೇನಾ? ನಾನು ಇಷ್ಟು ಚೆನ್ನಾಗಿ ಹಾಡ್ತೀನಾ?” ಎಂದಳು.

“ನೋಡಿದ್ಯಾ ಮಾಮ? ಇದಕ್ಕೆ ಅನ್ನೋದು ಗುಣಮಟ್ಟ ಅಂತ!” ಎಂದೆ ನಾನು, ದೊಡ್ಡ ಪಂಡಿತನ ಹಾಗೆ.

ತೊಟ್ಟಿಲಿನಲ್ಲಿ ಲಾಸ್ಯ ಮಾತ್ರ ಕಣ್ಣು ಬಿಟ್ಟುಕೊಂಡು ಹಾರ್ನನ್ನೇ ನೋಡುತ್ತಿದ್ದಳು. ಅಳಲಿಲ್ಲ. ಸಂಗೀತ ಕಚೇರಿಗೆ ಬಂದ ನೆಂಟರ ಹಾಗೆ ಮರ್ಯಾದೆಯಿಂದ ಕೇಳಿದಳು. ಹಾಡು ಮುಗಿಯಿತು. ಮತ್ತೆ ಹಾಕಿದೆವು. ಮತ್ತೂ ಮತ್ತೂ ಹಾಕಿದೆವು. ಅವಳು ಏನನ್ನೋ ಕಾಯುತ್ತಿದ್ದಳು.

“ಇನ್ನೇನು ಬೇಕು ಇವಳಿಗೆ?” ಎಂದು ಮಾಮ ತಲೆ ಹಿಡಿದುಕೊಂಡ.

ಅಕ್ಕ ಸೋತು ತಾನೇ ತೊಟ್ಟಿಲ ಪಕ್ಕ ಕೂತು ಹಾಡತೊಡಗಿದಳು. ಯಂತ್ರದ ಮುಂದೆ ಅವಳ ದನಿ ಸವೆದ ಚಪ್ಪಲಿಯ ಹಾಗಿತ್ತು. ಒಂದು ಸಾಲು ಹಾಡಿದಳು. ಎರಡನೆಯದರ ನಡುವೆ, “ಏ ಪಾಲಾಕ್ಷ, ಒಲೆ ಮ್ಯಾಲೆ ಹಾಲೈತೆ ನೋಡೋ! ಮಾಮ, ನೀನ್ಯಾಕೆ ಬಾಗ್ಲಿಗೆ ಅಡ್ಡ ನಿಂತಿದೀಯ? ಗಾಳಿ ಬಿಡು!” ಎಂದು ಗದರಿ, ಹಾಡಿನೊಳಕ್ಕೆ ವಾಪಸಾದಳು.

ಕೂಸಿನ ರೆಪ್ಪೆ ಆಗಲೇ ಮುಚ್ಚಿತ್ತು.

ನಾನೂ ಮಾಮನೂ ಒಬ್ಬರ ಮುಖ ಒಬ್ಬರು ನೋಡಿದೆವು. ಜರಡಿಯಲ್ಲಿ ಕಸವೆಂದು ತೆಗೆದೆಸೆದದ್ದೇ ಕೂಸಿನ ನಿದ್ದೆಯಾಗಿತ್ತು! ಅವ್ವ ಇಲ್ಲೇ ಇದ್ದಾಳೆ, ಮನೆ ನಡೆಯುತ್ತಿದೆ, ಹಾಲು ಉಕ್ಕದಂತೆ ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂದು ಅದಕ್ಕೆ ಹೇಳುತ್ತಿದ್ದದ್ದು ಹಾಡಲ್ಲ, ಆ ಗದರಿಕೆ. ಚೊಕ್ಕವಾದದ್ದೇ ಒಳ್ಳೆಯದು ಎಂದು ನಾನು ತಿಳಿದಿದ್ದೆ. ಒಂದು ದನಿ ಪೂರ್ತಿ ಬೇಕು ಎಂದು ಕೂಗಾಡಿದವನು ನಾನೇ, ಪೂರ್ತಿ ಎಂದರೆ ಏನು ಎಂದು ಯೋಚಿಸಿರಲಿಲ್ಲ.

“ಕೆಮ್ಮು, ಬೈಗುಳ ಎಲ್ಲಾ ವಾಪಸ್ ಹಾಕು ಮಾಮ.”

“ಹಾಕ್ತೀನಿ. ಜತೆಗೆ ಒಂದು ಕಣ್ಣೂ ಒಂದು ಕಿವಿನೂ ಕೂರಿಸ್ತೀನಿ. ಕೂಸು ಯಾವುದಕ್ಕೆ ಸುಮ್ಮನಾಗುತ್ತೋ ಅದನ್ನೇ ಇದು ಕಲಿತು ಜಾಸ್ತಿ ಮಾಡುತ್ತೆ!”

ಆಗ ನನಗೆ ಎಚ್ಚರವಿರಬೇಕಿತ್ತು.

ಸೋಮವಾರ ಅಕ್ಕ ಹೊರಟಳು. ಮನೆಯ ಗೇಟಿನಾಚೆ ಎರಡು ಸಲ ತಿರುಗಿ ನೋಡಿದಳು. ಕೂಸು ಮುಖ ಸೊಟ್ಟ ಮಾಡಿದ ಕೂಡಲೇ ಯಂತ್ರ ಜೋಗುಳ ಎತ್ತಿಕೊಂಡಿತು. ಒಂದು ಸಾಲು ಹಾಡು, ಒಂದು ಸಾಲು ಬೈಗುಳ. ಕೂಸು ಮಲಗಿತು! ನಾನು ಕುಣಿದಾಡುವುದೊಂದು ಬಾಕಿ.

ಎರಡನೆಯ ನಿದ್ದೆಯ ಹೊತ್ತಿಗೆ ಯಂತ್ರಕ್ಕೆ ಗುಟ್ಟು ತಿಳಿದುಬಿಟ್ಟಿತ್ತು. ಹಾಡು ಬಿಟ್ಟಿತು. ಅಕ್ಕನ ಅಕ್ಷರಗಳೆಲ್ಲ ಅದರ ಹೊಟ್ಟೆಯಲ್ಲಿ ತುಂಬಿದ್ದವು, ಯಾರಿಂದಲೂ ಸಾಲ ಬೇಕಿರಲಿಲ್ಲ. ಹೊಸ ಹೊಸ ಬೈಗುಳ ತಾನೇ ಕಟ್ಟತೊಡಗಿತು!

“ಏ ಪಾಲಾಕ್ಷ, ತಂತಿ ತುಂಡು ನೆಲದ ಮ್ಯಾಲೆ ಬಿಟ್ಟಿದೀಯ, ಕೂಸು ಬಾಯಿಗೆ ಹಾಕ್ಕಂಡ್ರೆ?”

ಎತ್ತಿದೆ.

“ಕೈ ತೊಳ್ಕಂಡ್ಯಾ? ಗ್ರೀಸ್ ಕೈಯಲ್ಲಿ ಹಾಲಿನ ಬಾಟ್ಲಿ ಮುಟ್ತೀಯಾ?”

ತೊಳೆದೆ. ಹಾರ್ನಿನ ಮುಖ ಕಿಟಕಿಯ ಕಡೆಗಿತ್ತು. ಬೀದಿಯಲ್ಲಿ ಪ್ಲಾಸ್ಟಿಕ್ ಎಸೆದ ಅಂಗಡಿಯವನಿಗೆ ಬಿತ್ತು ಒಂದು. ತನ್ನ ಯಂತ್ರ ಹೇಗಿದೆಯೆಂದು ಬೀಗುತ್ತ ಬಂದ ಕಾಟಯ್ಯ ಮಾಮನಿಗೆ, “ಹಿಟ್ಟಿನ ಕಾಲಲ್ಲಿ ಒಳಗೆ ಬರಬ್ಯಾಡ!” ಎಂದು ಬಿದ್ದದ್ದಕ್ಕೆ ಅವನು ಹೊಸ್ತಿಲಲ್ಲೇ ಒಂಟಿಕಾಲಲ್ಲಿ ನಿಂತುಬಿಟ್ಟ. ಒಂದೊಂದು ಬೈಗುಳಕ್ಕೂ ಲಾಸ್ಯಳ ಗೊರಕೆ ಗಟ್ಟಿಯಾಯಿತು.

“ಆರಿಸೋ ಮಾರಾಯ!” ಎಂದು ಮಾಮ ಪಿಸುಗುಟ್ಟಿದ.

“ಆರಿಸಿದ್ರೆ ಕೂಸು ಏಳುತ್ತೆ. ಗೇಟಿಗೆ ಫೋನು ಹೋಗುತ್ತೆ. ನಿಂತ್ಕೋ ಸುಮ್ನೆ!”

ಗೇಟಿಗೆ ಫೋನು ಹೋಗಲಿಲ್ಲ. ಸಂಜೆ ಅಕ್ಕ ಬಂದಾಗ ಅವಳ ಕೂದಲ ತುಂಬ ನೂಲಿನ ಚೂರು, ಮುಖದ ತುಂಬ ನಗು. ಕೆಲಸ ಉಳಿದಿತ್ತು. ಬಾಗಿಲಲ್ಲೇ ನಿಂತು ತನ್ನ ದನಿಯನ್ನು ತಾನೇ ಬಹಳ ಹೊತ್ತು ಕೇಳಿದಳು.

“ನಾನು ಇಷ್ಟೊಂದು ಬೈತೀನೇನೋ?”

“ಇಲ್ಲಕ್ಕ. ಇದು ನಡುವೆ ಉಸಿರಾದ್ರೂ ತಗಳುತ್ತೆ.”

ಅವಳು ನಗುತ್ತ ಕೂಸನ್ನೆತ್ತಿಕೊಳ್ಳಲು ತೊಟ್ಟಿಲಿಗೆ ಬಗ್ಗಿದಳು. ಯಂತ್ರದ ಕಣ್ಣು ಅವಳತ್ತ ತಿರುಗಿತು.

“ಏ ನಾಗಿ! ಬೀದಿಯಿಂದ ಬಂದ ಕೈಲಿ ಕೂಸು ಮುಟ್ತೀಯಾ? ಮೊದ್ಲು ಕೈಕಾಲು ತೊಳ್ಕಂಡು ಬಾ!”

ಅಕ್ಕ ಸುಮ್ಮನೆ ಬಚ್ಚಲಿಗೆ ಹೋದಳು. ತನ್ನ ಮಾತಿಗೆ ತಾನೇ ಎದುರು ಹೇಳುವ ಅಭ್ಯಾಸ ಅವಳಿಗಿರಲಿಲ್ಲ.

ಈಗ ಅವಳ ಕೆಲಸ ಗಟ್ಟಿಯಾಗಿದೆ, ಕೂಸು ಗುಂಡಗಾಗಿದೆ, ನಮ್ಮ ಮನೆ ಆಸ್ಪತ್ರೆಯಷ್ಟು ಚೊಕ್ಕವಾಗಿದೆ. ಕಾಟಯ್ಯ ಮಾಮ ಚಪ್ಪಲಿ ಗೇಟಿನಲ್ಲೇ ಬಿಟ್ಟು ಬರುತ್ತಾನೆ. ನಾನು ಯಾರಿಗೂ ದೂರು ಹೇಳುವಂತಿಲ್ಲ. ಗುಣಮಟ್ಟ ಬೇಕೆಂದು ಪ್ಲಗ್ ಕಿತ್ತವನು ನಾನು.