ಇವತ್ತೇ ಹೋಯ್ಕ್, ಒಂದ್ ಸೀಟ್ ಕಾಣಿ

ಮನೆಯಲ್ಲಿ ಯಾರಿಗಾದರೂ ಕಾಯಿಲೆ ಜೋರಾಯಿತೆಂದರೆ ನಮ್ಮ ಕುಂದಾಪುರದವರು ಮೊದಲು ಡಾಕ್ಟರ ಹತ್ತಿರ ಓಡುತ್ತಾರೆ, ಆಮೇಲೆ ನನ್ನ ಅಂಗಡಿಗೆ. ತೊಂಬತ್ತೇಳರಲ್ಲಿ ಎಸ್.ಟಿ.ಡಿ. ಬೂತ್ ಹಾಕಿದೆ, ಅದರ ಜತೆಗೇ ವಿಮಾನದ ಟಿಕೆಟ್ ಮಾಡಿಸಿ ಕೊಡುವ ಕೆಲಸ. ಓಡಿ ಬಂದವರು ಏದುಸಿರು ಬಿಡುತ್ತಿರುವಾಗಲೇ ನಾನು ಫೋನ್ ತಿರುಗಿಸತೊಡಗುತ್ತೇನೆ. ಇಂಥ ಹೊತ್ತಿನಲ್ಲಿ ನಗು ಬರುವಂಥದ್ದೇನೂ ಆಗದಿರಲಿ ಎಂದುಕೊಳ್ಳುತ್ತೇನೆ. ಆಗುತ್ತಲೇ ಇರುತ್ತದೆ.

ಶಾಲೆಯ ಹೆಸರು

ಕೆರಾಡಿಯಿಂದ ಒಬ್ಬರು ಜೀಪು ಮಾಡಿಕೊಂಡು ಬಂದರು. ಅವರ ಅಕ್ಕ ಅಂಗಳದಲ್ಲಿ ಜಾರಿ ಬಿದ್ದು, ಸೊಂಟ ಮುರಿದು, ಇಲ್ಲೇ ಆಸ್ಪತ್ರೆಯಲ್ಲಿದ್ದರು. ಮರುದಿನವೇ ಆಪರೇಷನ್. ಮುಂಬೈಯಲ್ಲಿ ಕ್ಯಾಂಟೀನ್ ನಡೆಸುವ ಅಕ್ಕನ ಮಗ ಅವತ್ತೇ ಬರಬೇಕು. ಉಳಿದದ್ದು ಒಂದೇ ಸೀಟು. ಮಂಗಳೂರಿನ ಏಜೆಂಟ್ ಫೋನ್ ಹಿಡಿದು ಕಾಯುತ್ತಿದ್ದ.

"ಹೆಸ್ರ್ ಹೇಳಿ," ಎಂದೆ.

"ಕುಟ್ಟಿ."

"ಅದಲ್ಲ, ಶಾಲೆ ಹೆಸ್ರ್."

ಅವರು ತಲೆಯೆತ್ತಿ ಮಾಡಿನ ಹಂಚು ನೋಡಿದರು. "ಹುಟ್ಟಿದಾಗಿಂದ್ಲೂ ಕುಟ್ಟಿ ಅಂದೇ ಕರೂದ್ ಮಾರಾಯ್ರೆ."

ಇನ್ನೊಂದು ಫೋನಿನಿಂದ ಕ್ಯಾಂಟೀನಿಗೆ ಮಾಡಿದೆ. "ಕುಟ್ಟಿ ಸೇಠ್ ಬಾಹರ್ ಗಯಾ," ಎಂದಿತು ಅಲ್ಲಿಯ ದನಿ. ಹೊರಗೆ ಹೋದವನು ಬಂದ ಕೂಡಲೇ ಫೋನ್ ಮಾಡಲಿ ಎಂದೆ. ಇವರು ಆಸ್ಪತ್ರೆಗೆ ಓಡಿದರು. ಹತ್ತು ನಿಮಿಷದಲ್ಲಿ ಬೆವರು ಒರೆಸುತ್ತ ವಾಪಸ್ಸು ಬಂದರು. ನರಳುತ್ತಿದ್ದ ಅಕ್ಕ ನರಳುವುದನ್ನು ನಿಲ್ಲಿಸಿ, "ನಾಮಕರಣಕ್ ಕರೆದ್ರೆ ನೀ ಬಂದ್ಯಾ? ಬಂದಿದ್ರೆ ಗೊತ್ತಿರ್ತಿತ್," ಎಂದು ಬೈದರಂತೆ. ಆ ಬೈಗುಳದಲ್ಲಿ ಹೆಸರು ಹೇಳುವುದು ಬಿಟ್ಟೇ ಹೋಗಿತ್ತು.

ಪುಣ್ಯಕ್ಕೆ ಕುಟ್ಟಿಯೇ ಫೋನ್ ಮಾಡಿ ಹೆಸರು ಹೇಳಿದ. ನಾನು ಅದನ್ನು ಗಟ್ಟಿಯಾಗಿ ಏಜೆಂಟನಿಗೆ ಹೇಳಿದೆ. ಎದುರಿಗಿದ್ದ ಸೋದರಮಾವ ಹಣೆ ಚಚ್ಚಿಕೊಂಡರು. "ಅಯ್ಯೋ, ಅಜ್ಜಯ್ಯನ್ ಹೆಸ್ರ್ ಅದ್. ನಂಗೂ ಅದೇ ಇಟ್ಟದ್ದ್."

ಗಂಜಿ

ಬೈಂದೂರಿನಲ್ಲಿ ಮೀನು ಮಾರುವ ಒಬ್ಬ ಅಕ್ಕ. ಮುಂಬೈಯಲ್ಲಿ ಅವರ ತಮ್ಮನಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಆಸ್ಪತ್ರೆಯ ಯಾವ ಊಟವೂ ಅವನ ಗಂಟಲಲ್ಲಿ ಇಳಿಯುತ್ತಿಲ್ಲ, ಊರಿನ ಕುಚ್ಚಲಕ್ಕಿ ಗಂಜಿ ಬೇಕೆನ್ನುತ್ತಿದ್ದಾನೆ ಎಂದು ಸುದ್ದಿ ಬಂತು. ಅಕ್ಕ ಗಂಜಿ ಬೇಯಿಸಿ, ಕ್ಯಾರಿಯರಿಗೆ ತುಂಬಿಸಿ, ಜೀವಮಾನದಲ್ಲೇ ಮೊದಲ ಸಲ ವಿಮಾನಕ್ಕೆ ಹೊರಟರು.

ನಿಲ್ದಾಣದಿಂದ ನನಗೆ ಫೋನ್ ಬಂತು. "ಹ್ವಾಯ್, ಇದ್ ಎಂತ ಅಂದ್ ಕೇಂತಾ ಇದ್ರ್. ಹಿಂದಿಯಗೆ ಗಂಜಿಗೆ ಎಂತ ಹೇಳುದ್?"

ತಪಾಸಣೆಯವರ ಕೈಗೆ ಫೋನ್ ಕೊಡಿಸಿ, ನನಗೆ ಬಂದ ಹಿಂದಿಯಲ್ಲಿ ವಿವರಿಸಿದೆ. ಅಕ್ಕನೇ ಒಂದು ಗುಟುಕು ಕುಡಿದು ತೋರಿಸಲಿ, ಆಮೇಲೆ ನೋಡೋಣ ಎಂದರು ಅವರು. ಅದನ್ನು ಅಕ್ಕನಿಗೆ ಹೇಳಿ ಫೋನಿಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ಅಕ್ಕನದೇ ಫೋನು, ದನಿಯಲ್ಲಿ ಸಮಾಧಾನ.

"ಒಳ್ಗೆ ಬಿಟ್ರ್. ಬೆಳಿಗ್ಗೆಯಿಂದ ಎಂತ ತಿಂದಿರ್ಲಿಲ್ಲ ಕಾಣಿ, ಉಪ್ಪೂ ಸಮಾ ಇತ್ತ್. ಈಗ ಕ್ಯಾರಿಯರ್ ಖಾಲಿ."

ಬೈರಾಸು

ನಿವೃತ್ತ ಮೇಷ್ಟ್ರೊಬ್ಬರ ಮಗಳನ್ನು ಬೆಂಗಳೂರಿನಲ್ಲಿ ದಿನ ತುಂಬುವ ಮೊದಲೇ ಹೆರಿಗೆಗೆ ಸೇರಿಸಿದ್ದರು. ಮೇಷ್ಟ್ರಿಗೆ ಸೀಟೇನೋ ಸಿಕ್ಕಿತು. ಆದರೆ ಹೆದ್ದಾರಿ ಅಗಲ ಮಾಡುವ ಕಾಲ ಅದು. ಬ್ರಹ್ಮಾವರದಲ್ಲಿ ಅವರ ಕಾರು ಲಾರಿಗಳ ನಡುವೆ ಸಿಕ್ಕಿಬಿತ್ತು.

"ಪೈಲಟಿಗ್ ಒಂದ್ ಹತ್ ನಿಮಿಷ ನಿಲ್ಸುಕ್ ಹೇಳಿ," ಎಂದು ಫೋನ್ ಮಾಡಿದರು.

"ಮೇಷ್ಟ್ರೆ, ಅದ್ ಬಸ್ಸಲ್ಲ."

"ನಂಗ್ ಗೊತ್ತಿಲ್ಯಾ? ಸೀಟಿನ್ ತಲೆಬಿಸಿ ಬ್ಯಾಡ. ನಮ್ ಭಾವ ಸೀಟಿಗ್ ಹಾಕುಕ್ ಹೆಗ್ಲಿನ್ ಬೈರಾಸ್ ಹಿಡ್ಕಂಡ್ ಆಗ್ಲೇ ಅಲ್ಲಿಗ್ ಹೋಯ್ ನಿಂತಿದ್ರ್."

ಅದೃಷ್ಟಕ್ಕೆ ವಿಮಾನವೇ ಒಂದು ಗಂಟೆ ತಡ. ಸಂಜೆ ಬೆಂಗಳೂರಿನಿಂದ ಫೋನ್ ಮಾಡಿದರು. ಹೆಣ್ಣುಮಗು, ತಾಯಿ ಮಗು ಇಬ್ಬರೂ ಸುಖ. ಕೊನೆಗೆ ದನಿ ತಗ್ಗಿಸಿ, "ನಾನ್ ಹತ್ ನಿಮಿಷ ಅಂದ್ರೆ ನೀವ್ ಒಂದ್ ಗಂಟೆ ನಿಲ್ಸಿದ್ರಿ. ಉಳ್ದವ್ರೆಲ್ಲ ಬೈತಿದ್ರ್, ನಿಮ್ ಹೆಸ್ರ್ ನಾನ್ ಹೇಳ್ಲಿಲ್ಲ," ಎಂದರು.

ಬಂದವ, ಹೊರಟವರು

ಇದು ಬೂತ್ ಹಾಕಿದ ಹೊಸತರದ್ದು. ಕುಂಭಾಶಿಯ ಒಬ್ಬ ಕೃಷಿಕರಿಗೆ ಹೃದಯದ ಕವಾಟ ಕೆಟ್ಟಿತ್ತು. ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಕಿರಿಯ ಮಗ ನಿಂತಿದ್ದ. "ಅಪ್ಪಯ್ಯನ್ ಇವತ್ತೇ ಮುಂಬೈಗ್ ಕರ್ಕಂಡ್ ಹೋಯ್ಕ್. ನಾಡಿದ್ದ್ ಆಪರೇಷನ್. ವಿಮಾನದಗೆ ಹೋಯ್ಲಕ್ ಅಂದ್ ಡಾಕ್ಟ್ರ್ ಚೀಟಿ ಕೊಟ್ಟಿದ್ರ್." ಅಪ್ಪ, ಅಮ್ಮ, ಅವನು, ಮೂವರಿಗೂ ಟಿಕೆಟ್ ಮಾಡಿಸಿದೆ. ಮುಂಬೈಯಲ್ಲಿರುವ ಅಣ್ಣನ ಪಕ್ಕದ ಮನೆಗೆ ಫೋನ್ ಮಾಡಿ, ತಾವು ಬರುವ ಸುದ್ದಿ ಹೇಳಿಟ್ಟು ಅವನು ಹೊರಟ.

ಆಮೇಲೆ ಮುಂಬೈಯಿಂದ ಯಾರೋ ಫೋನ್ ಮಾಡಿದರು. "ಅಪ್ಪಯ್ಯಂಗೆ ಜೋರಾಯ್ತಂಬ್ರ್. ಇವತ್ತಿನ ಮಂಗ್ಳೂರ್ ವಿಮಾನಕ್ಕೆ ಒಂದ್ ಸೀಟ್ ಕಾಣಿ." ಅದನ್ನೂ ಮಾಡಿಸಿದೆ. ಅದು ಆ ಅಣ್ಣನೇ ಎಂದು ನನಗೇನು ಗೊತ್ತು? ಪಕ್ಕದ ಮನೆಯವರು ಸುದ್ದಿ ಹೇಳಲು ಹೋದಾಗ, ಊರಿನವರಾರೋ ಅಪ್ಪನಿಗೆ ಜೋರೆಂದದ್ದು ಕೇಳಿ ಅವನು ಹೊರಟಾಗಿತ್ತು.

ಅವನನ್ನು ಹೊತ್ತು ತಂದ ವಿಮಾನವೇ ಇವರನ್ನು ಹತ್ತಿಸಿಕೊಂಡು ವಾಪಸ್ಸು ಹೋಗುವುದು. ಅವನು ಕಣ್ಣೊರೆಸುತ್ತ ಹೊರಗೆ ಬಂದರೆ, ಎದುರಿಗೇ ಗಾಲಿಕುರ್ಚಿಯಲ್ಲಿ ಅಪ್ಪ.  ಅಪ್ಪ ಸೊಂಟದಿಂದ ಮನೆಯ ಬೀಗದ ಕೈ ತೆಗೆದು ಅವನ ಕೈಯಲ್ಲಿಟ್ಟರು. "ಬಂದದ್ ಒಳ್ಳೇದಾಯ್ತ್. ದನ ಕರೂಕ್ ಜನ ಇಲ್ಲೆ ಅಂದ್ ಅದೇ ತಲೆಬಿಸಿ ಆಯಿತ್."

ವಾಪಸ್ಸು ಹೋಗಲು ವಾರವಿಡೀ ಸೀಟಿರಲಿಲ್ಲ, ದನ ಬಿಟ್ಟು ಬಸ್ಸು ಹತ್ತುವಂತೆಯೂ ಇರಲಿಲ್ಲ. ಆಪರೇಷನ್ ದಿನ ಅವನು ಬೆಳಿಗ್ಗೆಯಿಂದ ನನ್ನ ಬೂತಿನಲ್ಲೇ ಕೂತ. "ಈ ಹೊತ್ತಿಗೆ ಹತ್ರ ಇಪ್ಪುಕ್ ಆಯ್ಲಿಲ್ಲೆ," ಎಂದು ಒಂದೇ ಮಾತು. ನನಗೂ ಊಟ ಸೇರಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ತಮ್ಮ ಫೋನ್ ಮಾಡಿದ, ಎಲ್ಲ ಸಸೂತ್ರ ಆಗಿತ್ತು. ಇಬ್ಬರೂ ಚಾ ತರಿಸಿ ಕುಡಿದೆವು.

ನಾಲ್ಕು ದಿನ ಕಳೆದು ಅಪ್ಪನೇ ಫೋನಿನಲ್ಲಿ ಮಾತಾಡಿದರು, ದನಿ ನನಗೂ ಕೇಳುತ್ತಿತ್ತು. ಮಗ ಎರಡೂ ಕೈಯಲ್ಲಿ ರಿಸೀವರ್ ಹಿಡಿದುಕೊಂಡ. "ಅಪ್ಪಯ್ಯ, ಹೆಂಗಿದ್ರಿ?"

"ನನ್ ಸುದ್ದಿ ಬಿಡ್. ದನ ಹಾಲ್ ಕೊಡತ್ತಾ?"

"ಇಲ್ಲೆ ಅಪ್ಪಯ್ಯ. ಹತ್ರ ಹೋರೆ ಒದಿತ್ತ್."

ಅಪ್ಪ ಅಲ್ಲಿಂದಲೇ ಉಪಾಯ ಹೇಳಿದರು. "ನನ್ ಸ್ವರ ಕೇಣ್ದೆ ಅದ್ಕೆ ಬೇಜಾರಾಯಿರ್ಕ್. ನಾಳೆ ಬೂತಿಗ್ ಬಪ್ಪತಿಗೆ ಅದನ್ನೂ ಕರ್ಕಂಡ್ ಬಾ. ನಾನ್ ಫೋನಗ್ ಮಾತಾಡ್ತೆ."

ಮಗ ರಿಸೀವರಿಗೆ ಅಂಗೈ ಮುಚ್ಚಿ, ಬೂತಿನ ಗಾಜಿನ ಬಾಗಿಲನ್ನು ಮೇಲಿಂದ ಕೆಳಗಿನವರೆಗೆ ಅಳೆದು, ನನ್ನನ್ನು ಕೇಳಿದ. "ಹ್ವಾಯ್, ದನ ಇದ್ರೊಳ್ಗೆ ಹಿಡಿತ್ತಾ?"